ಇನ್ನೊಂದು ಮೊಳ

ನಮ್ಮ ತಂಡದ ಮೇಸ್ತ್ರಿ ಟಿಲ್‌ಬರ್ಟ್‌ನಿಗೆ ಎಷ್ಟು ಎತ್ತರದ ಏರಿಯೂ ಸಾಲದು. ಪಡುವಣ ವೆಲ್ಷರ ಬೆಟ್ಟಗಳಿಗೂ ನಮ್ಮ ಮರ್ಸಿಯಾ ಅರಸನ ನೆಲಕ್ಕೂ ನಡುವೆ ನಾವು ಕಂದಕ ತೋಡಿ, ಆ ಮಣ್ಣನ್ನೇ ಏರಿಯಾಗಿ ಪೇರಿಸುತ್ತಿದ್ದೇವೆ. ಹುಲ್ಲು ಸಮೇತ ಕಡಿದ ಮಣ್ಣುಹೆಂಟೆಯನ್ನು ಯಾರಾದರೂ ಹುಲ್ಲು ಮೇಲೆ ಮಾಡಿ ಇಟ್ಟರೆ ಅವನು ಒದ್ದು ಉರುಳಿಸುತ್ತಾನೆ. ಇಳಿಜಾರನ್ನು ಅಂಗೈಯಿಂದ ಸವರಿ, ಕುದುರೆ ಕೊಳ್ಳುವವನಂತೆ ಮೂಗು ಮುರಿಯುತ್ತಾನೆ. ಬಾರ್ಲಿ ಗಂಜಿಯನ್ನೂ ಏರಿಯ ಮೇಲೆ ನಿಂತೇ ಕುಡಿಯುತ್ತಾನೆ. ಅಳತೆ ಮುಗಿಯಿತೆಂದು ಅರಸನ ಆಳು ಹೇಳಿಹೋದರೂ ಅವನದು ಒಂದೇ ಮಾತು: "ಇನ್ನೊಂದು ಮೊಳ ಏರ್ಸ್ರೋ." "ಅಣ್ಣಾ, ವೆಲ್ಷರೇನು ಹಕ್ಕಿಗಳಾ, ಹಾರಿ ಬರೋಕೆ?" ಎಂದು ನಮ್ಮ ಜೊತೆ ತೋಡುವ ಕೆನ್‌ರೆಡ್ ಸೊಂಟ ಹಿಡಿದುಕೊಂಡು ಕೇಳುತ್ತಾನೆ. "ನಿನ್ನ ನಾಲಿಗೆ ಆಡೋ ಹಾಗೆ ಗುದ್ದಲಿ ಆಡಿದ್ರೆ ಇಷ್ಟೊತ್ತಿಗೆ ಏರಿ ಮೋಡ ಮುಟ್ಟಿರೋದು, ಹೋಗೋ!" ಸಂಜೆ ನಾವು ಸಲಿಕೆ ತೊಳೆಯುವಾಗ ಅವನು ಏರಿಯ ನೆತ್ತಿ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ಅವನ ಒಬ್ಬಳೇ ಮಗಳು ಲೆಯೋಬ ವೆಲ್ಷನೊಬ್ಬನ ಕೈಹಿಡಿದು ಆಚೆಯ ಕಣಿವೆಗೆ ಹೋದವಳು. ಏರಿ ದಾಟಿದವರ ತಲೆ ಉಳಿಯುವುದಿಲ್ಲ. ಹಾಗಾಗಿ ಗುಡ್ಡದ ಹಿಂದಿನಿಂದ ಏಳುವ ಅವಳ ಒಲೆಯ ಹೊಗೆಯೇ ಅವನಿಗೆ ಅವಳ ಸುದ್ದಿ. ಸುಗ್ಗಿಯಲ್ಲಿ ಅವನು ಜ್ವರದಿಂದ ಮಲಗಿದ್ದಾಗ ನಮ್ಮದೇ ಸವಾರರು ಆ ಕಣಿವೆಗೆ ಬೆಂಕಿಯಿಟ್ಟರು, ಅಲ್ಲಿ ಯಾರೂ ಉಳಿಯಲಿಲ್ಲ. ತಂಡಕ್ಕೆಲ್ಲ ಅದು ಗೊತ್ತು, ಅವನಿಗೆ ಹೇಳುವ ಬಾಯಿ ಯಾರಿಗೂ ಇಲ್ಲ. ನಿನ್ನೆಯೂ ಬಹಳ ಹೊತ್ತು ನಿಂತಿದ್ದು ಇಳಿದು ಬಂದವನು, "ಹೊಗೆ ಕಾಣ್ತಿಲ್ಲ. ನಮ್ಮ ಏರಿ ಗಿಡ್ಡ ಆಯ್ತು ಕಣ್ರೋ," ಎಂದ. ಕೆನ್‌ರೆಡ್ ತೊಳೆದಿಟ್ಟಿದ್ದ ಸಲಿಕೆಯನ್ನು ಎತ್ತಿಕೊಂಡು ಮತ್ತೆ ಕಂದಕಕ್ಕೆ ಇಳಿದ.