ಹೆಸರಿಲ್ಲದ ಮರದ ತೊಟ್ಟಿಲು

ಡೊಂಬಿವಲಿಯಲ್ಲಿ ನನ್ನ ಮಗಳಿಗೆ ಮಾಡಿಸಿದ ತೊಟ್ಟಿಲು ಹಡಗಿನಲ್ಲಿ ಬಂದ ಮರದ್ದು. ಎಪ್ಪತ್ತರ ದಶಕದ ಕೊನೆಯ ಮಾತು. ಗಂಡನ ಫ್ಯಾಕ್ಟರಿಗೆ ಯಾವುದೋ ದೇಶದಿಂದ ಮೆಷಿನ್ ಬಂದಿತ್ತು. ಅದರ ಪೆಟ್ಟಿಗೆಯ ಹಲಗೆಗಳನ್ನು ಬೇಕಾದವರು ಒಯ್ಯಬಹುದು ಎಂದರಂತೆ. ಪುಕ್ಕಟೆ ಸಿಕ್ಕಿದರೆ ನನಗೊಂದು ಇರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಪೈಕಿ ನಮ್ಮವರು. ಟೆಂಪೋದಲ್ಲಿ ಹೇರಿಕೊಂಡು ಬಂದೇಬಿಟ್ಟರು.

ಹಲಗೆಗೆ ಒಂದು ನಮೂನೆಯ ಹಸಿರು ಛಾಯೆ ಇತ್ತು. ಸೀಮೆಎಣ್ಣೆಯದೂ ಅಲ್ಲದ, ಕರ್ಪೂರದ್ದೂ ಅಲ್ಲದ ವಾಸನೆ. ಆದರೆ ಕೆಮಿಕಲ್ ಫ್ಯಾಕ್ಟರಿಗಳ ಡೊಂಬಿವಲಿಯ ಗಾಳಿಗೇ ಆಗ ದಿನಕ್ಕೊಂದು ವಾಸನೆ. ಹಲಗೆಯದನ್ನು ಬೇರೆ ಮಾಡಿ ಯಾರು ಮೂಸುತ್ತಾರೆ? ಬಡಗಿ ಉಗುರಿನಿಂದ ಗೀರಿ ನೋಡಿ, "ಕೋಯೀ ಜಂಗ್ಲೀ ಲಕಡೀ ಹೈ ಭಾಭೀ, ಲೇಕಿನ್ ಮಜಬೂತ್ ಹೈ," ಎಂದು ಕೆಲಸ ಶುರುಮಾಡಿದ. ತೊಟ್ಟಿಲು ಚೆಂದವಾಗಿಯೇ ಆಯಿತು. ಅದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ.

ಮಗಳಿಗೆ ಹಲ್ಲು ಬರುವ ಹೊತ್ತು. ಕಟಕಟೆ ಹಿಡಿದು ಎದ್ದು ಕೂತು ಅದನ್ನೇ ಚೀಪುತ್ತಿದ್ದಳು. ಮೊದಲು ತುಟಿ ಬಾತಿತು. ಆಮೇಲೆ ಕೆನ್ನೆ ಕೆಂಪಾಗಿ ಗುಳ್ಳೆ ಎದ್ದವು, ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತು. ಡಾಕ್ಟರು ಮುಲಾಮು ಬರೆದರು. ತೊಟ್ಟಿಲಿನ ಸಂಗತಿ ಹೇಳಿದಾಗ, "ಯಾವ ಲಾಕೂಡ್, ಯಾವ ಮರ? ಹೆಸರು ಹೇಳಿ, ಆಗ ಏನಾದರೂ ಹೇಳಬಹುದು," ಎಂದರು. ಗಂಡ ಫ್ಯಾಕ್ಟರಿಯಲ್ಲಿ ವಿಚಾರಿಸಿದರು. ಮೆಷಿನ್ನಿನ ಹೆಸರು ಎಲ್ಲರಿಗೂ ಗೊತ್ತಿತ್ತು, ಪೆಟ್ಟಿಗೆಯದು ಯಾರಿಗೂ ಗೊತ್ತಿರಲಿಲ್ಲ.

ಉಡುಪಿ ಕಡೆಯಿಂದ ಬಂದು ನಮ್ಮೊಟ್ಟಿಗಿದ್ದ ಅತ್ತೆ ಮಾತ್ರ ಒಂದೇ ನೋಟಕ್ಕೆ ತೀರ್ಪು ಕೊಟ್ಟರು.

"ಇದು ಚೇರೆ ಮರವೇ ಮಾರಾಯ್ತಿ. ಇಲ್ಲದಿದ್ರೆ ಮುಖ ಹೀಗೆ ಬಾಯುದುಂಟಾ?"

ಚೇರೆಯ ಸೊನೆ ತಾಗಿದರೆ ಮೈ ಬಾಯುತ್ತದೆ ಎಂದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೆ ಮದ್ದೂ ಗೊತ್ತು: ತಾರೆ ಮರಕ್ಕೆ ಸುತ್ತು ಬಂದು ಕೈಮುಗಿಯಬೇಕು. ಡೊಂಬಿವಲಿಯಲ್ಲಿ ತಾರೆ ಮರಕ್ಕೆ ಎಲ್ಲಿಗೆ ಹೋಗುವುದು? ಅತ್ತೆ ಸೋಲುವವರಲ್ಲ. ಕಲ್ಯಾಣದ ಪೇಟೆಯ ಗಿಡಮೂಲಿಕೆ ಅಂಗಡಿಯಿಂದ ಒಣಗಿದ ತಾರೆಕಾಯಿ ತರಿಸಿ, ಮಣೆಯ ಮೇಲೆ ರಾಶಿ ಹಾಕಿ, ಅದೇ ಮರವೆಂದು ಭಾವಿಸಿ, ಮಗುವನ್ನು ಎತ್ತಿಕೊಂಡು ಸುತ್ತು ಬಂದರು. ನಾನೂ ಹಿಂದೆಯೇ ಸುತ್ತಿದೆ. ನಗು ಬರಬೇಕಿತ್ತು, ಬರಲಿಲ್ಲ; ಮಗಳ ಉಸಿರಿನಲ್ಲಿ ಗೊರಗೊರ ಸದ್ದಿತ್ತು. ಯಾರು ಏನು ಹೇಳಿದರೂ ಮಾಡುವ ಸ್ಥಿತಿ ನನ್ನದು.

ಎಲೆ ಕಂಡರೆ ಅತ್ತೆ ಯಾವ ಮರವನ್ನೂ ಗುರುತಿಸುತ್ತಿದ್ದರು. ಇದಕ್ಕೆ ಎಲೆ ಇಲ್ಲ, ತೊಗಟೆ ಇಲ್ಲ, ಊರಿಲ್ಲ. ವಿಷ ಮರದ್ದೋ, ಹಡಗಿನಲ್ಲಿ ಹುಳ ಹಿಡಿಯದಂತೆ ಬಳಿದದ್ದೋ, ಫ್ಯಾಕ್ಟರಿಯ ಡ್ರಮ್ಮಿನಿಂದ ಚೆಲ್ಲಿದ್ದೋ ಎಂದು ನಾನು ಕೇಳಿದರೆ, "ಎಂತದ್ದಾದರೂ ಮಗುವನ್ನು ಅದ್ರಲ್ಲಿ ಹಾಕ್ಬೇಡ," ಎಂದರು. ಆ ಒಂದು ಮಾತು ಸರಿಯಾಗಿತ್ತು. ನೆಲದ ಮೇಲೆ ಮಲಗಿಸತೊಡಗಿದ ಮೇಲೆ ಬಾವು ಇಳಿಯಿತು.

ಒಡೆದು ಬಚ್ಚಲ ಒಲೆಗೆ ಹಾಕೋಣವೆಂದರೆ ಚೇರೆಯ ಹೊಗೆ ಇನ್ನೂ ಕೆಟ್ಟದ್ದು ಎಂದು ಅತ್ತೆ ತಡೆದರು. ಭಾನುವಾರ ಖಾಡಿಯ ಉಪ್ಪುನೀರಿಗೆ ಎಸೆದು ಬರುತ್ತೇನೆಂದು ಗಂಡ ಅದನ್ನು ಜಿನೆಯ ಮೆಟ್ಟಿಲುಗಳ ಕೆಳಗೆ ಇಟ್ಟರು. ಭಾನುವಾರ ಬರುವ ಮೊದಲೇ ಕೆಳಗಿನ ಮನೆಯ ವಿಜಾಪುರದ ಕಾಕು ಅದನ್ನು ಒಳಗೆ ಒಯ್ದಿದ್ದರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ನಾನು ಓಡಿದೆ.

"ಬೇಡ ಕಾಕು, ಆ ಮರ ಒಳ್ಳೇದಲ್ಲ. ನನ್ನ ಮಗಳ ಮುಖ ನೀವೇ ನೋಡಿದ್ದೀರಲ್ಲ?"

"ನಿನ್ನ ಕೂಸಿಗೆ ಉಷ್ಣ ಆಗಿತ್ತ ತಂಗಿ. ಹಲ್ಲ ಬರೂ ಮುಂದ ಹಂಗ ಆಗತದ."

"ಅತ್ತೆ ಚೇರೆ ಮರ ಅಂತಾರೆ."

"ಚೇರಿ ಅಂದ್ರೇನವಾ? ನಮ್ಮ ಕಡೆ ಜಾಲಿ ಅದ, ಬೇವ ಅದ. ಇದು ಅದೇ ಅಂತ ಖರೇ ಗೊತ್ತೇನ ನಿನಗ?"

ಖರೇ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಒಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತೇನೋ, ಆ ಕ್ಷಣಕ್ಕೆ ಅದೂ ಹೊಳೆಯಲಿಲ್ಲ.

"ಕಟಗಿ ಹೆಸರ ಹೇಳು, ಈಗ ಹೊರಗ ಒಗೀತೀನಿ. ಹೆಸರಿಲ್ದ ಹೆದರಿಸಬ್ಯಾಡ," ಎಂದು ಕಾಕು ನಕ್ಕರು. ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೇ. ತೊಟ್ಟಿಲನ್ನು ಅರಿಶಿನ ನೀರಿನಲ್ಲಿ ತೊಳೆದು, ಕಾಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಅವರ ಮಟ್ಟಿಗೆ ಅದು ಶುದ್ಧವಾಗಿತ್ತು.

ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರ ಸಾಲಿನಲ್ಲಿ ನನ್ನನ್ನೇ ಮುಂದೆ ಕರೆದರು. ತೊಟ್ಟಿಲು ನಿಮ್ಮದು, ಮೊದಲ ಕೈಯೂ ನಿಮ್ಮದೇ ಇರಲಿ ಎಂದು ಎಲ್ಲರೂ ಅಂದರು. ನಾನು ಮನೆಯಿಂದ ದಪ್ಪನೆಯ ಕೌದಿಯೊಂದನ್ನು ಒಯ್ದಿದ್ದೆ. ಅದನ್ನು ಕಟಕಟೆಯ ಹೊರಗೂ ಇಳಿಯುವಂತೆ ಹಾಸಿದೆ. ನನ್ನ ಕೈಲಾದದ್ದು ಅಷ್ಟೇ. ಬಗ್ಗಿದಾಗ ಅರಿಶಿನದ ಕೆಳಗಿನಿಂದ ಆ ಹಳೆಯ ವಾಸನೆ ಬಂತು.

ಬಾಣಂತಿ ಮಗುವನ್ನು ನನ್ನ ಕೈಗಿತ್ತಳು. ಬಿಸಿಬಿಸಿ ಮೈ, ಒಂದು ಕಲೆಯಿಲ್ಲದ ಕೆನ್ನೆ. ಮಲಗಿಸಿದೆ. ಹೆಂಗಸರು ಜೋಗುಳ ಎತ್ತಿದರು. ಕಾಕು ಹಗ್ಗವನ್ನು ನನ್ನ ಕೈಗೆ ಕೊಟ್ಟು, "ತೂಗು ತಂಗಿ," ಎಂದರು.

ತೂಗಿದೆ.