ಹೊಸಿಲ ಮೇಲೆ ಮಲಗಿದವಳು

ನಮ್ಮ ಮನೆಯ ಹೊಸಿಲು ನಡುಮಧ್ಯದಲ್ಲಿ ಒಂದಿಷ್ಟು ತಗ್ಗಿದೆ. ಮಾವನವರ ಕಾಲದ ಹೊನ್ನೆಮರದ ಹೊಸಿಲು. ಕಾಲ್ತುಳಿತಕ್ಕೆ ಸವೆದಿರಬೇಕು ಎಂದು ನೀವು ಅಂದುಕೊಂಡರೆ ನಮ್ಮ ಅತ್ತೆಯವರ ಕೋಪಕ್ಕೆ ಗುರಿಯಾಗುತ್ತೀರಿ, ಎಚ್ಚರ! ಅವರ ಆಳ್ವಿಕೆಯಲ್ಲಿ ಆ ಹೊಸಿಲನ್ನು ಎಲ್ಲರೂ ದಾಟಿದವರೇ ಹೊರತು ತುಳಿದವರಿಲ್ಲ. ಸವೆಸಿದ್ದು ಅವರ ಕೈ. ದಿನವೂ ಮುಂಜಾನೆ ಮಿಂದು, ಲಿಂಗಪೂಜೆ ಮುಗಿಸಿ, ಹೊಸಿಲನ್ನು ತೊಳೆದು ಒರೆಸಿ, ಗಟ್ಟಿಯಾಗಿ ಅರಿಶಿನ ಬಳಿದು, ಮೇಲೆ ವಿಭೂತಿಯ ಮೂರು ಗೆರೆ ಎಳೆದು, ಎರಡು ಚೆಂಡುಹೂವಿಟ್ಟ ಮೇಲೆಯೇ ಅವರ ಬಾಯಿಗೆ ಕಾಫಿ. ಅದರ ಮೇಲೆ ನಿಲ್ಲಬಾರದು, ಕೂರಬಾರದು, ಅಲ್ಲಿ ನಿಂತು ಏನನ್ನೂ ಕೊಡಬಾರದು, ಈಸಿಕೊಳ್ಳಬಾರದು. ಆದರೂ ಒಬ್ಬಳು ಒಮ್ಮೆ ತುಳಿದಿದ್ದಾಳೆ. ಅವಳ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ನಾನು ಹರವೆಯಿಂದ ದಿನವೂ ಬಸ್ಸು ಹಿಡಿದು ಚಾಮರಾಜನಗರದ ಶಾಲೆಯೊಂದಕ್ಕೆ ಕನ್ನಡ ಪಾಠ ಹೇಳಲು ಹೋಗುವವಳು. ಊರಾಚೆಯ ತೋಟದಲ್ಲಿ ನಮ್ಮ ಮನೆ: ಒಂದು ಮಗ್ಗುಲಿಗೆ ಬಾಳೆ, ಇನ್ನೊಂದು ಮಗ್ಗುಲಿಗೆ ಅರಿಶಿನದ ಹೊಲ. ಎರಡೂವರೆ ವರ್ಷದ ಹಿಂದೆ ನಮ್ಮಲ್ಲಿ ರಾಜ ಎಂಬ ಕರಿಯ ನಾಯಿ ಇತ್ತು. ಪಕ್ಕದ ಹೊಲದವರ ಕುರಿಗಳನ್ನು ಅಟ್ಟಾಡಿಸುತ್ತಾನೆಂಬ ದೂರು ಮೇಲಿಂದ ಮೇಲೆ ಬಂದಾಗ ನಾನೇ ಪೇಟೆಯಿಂದ ಕಬ್ಬಿಣದ ಸರಪಳಿ ತಂದು, ಸಂಜೆಯಾದರೆ ಅವನನ್ನು ಅಂಗಳದ ಹೊಂಗೆಮರಕ್ಕೆ ಕಟ್ಟುತ್ತಿದ್ದೆ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಒಂದು ಬೆಳಗ್ಗೆ ಎದ್ದು ನೋಡಿದರೆ ಸರಪಳಿಯಿತ್ತು, ಅದರ ತುದಿಗೆ ಹರಿದ ಬೆಲ್ಟಿತ್ತು, ರಾಜ ಇರಲಿಲ್ಲ. ಚಿರತೆ ಬಂದಾಗ ಬಿಡುಬೀಸಾಗಿದ್ದ ನಾಯಿಯಾದರೆ ಓಡಿಯಾದರೂ ಓಡುತ್ತಿತ್ತು. ಅವನಿಗೆ ಆ ಒಂದು ಅವಕಾಶವನ್ನೂ ನಾನು ಇಟ್ಟಿರಲಿಲ್ಲ. ಈ ಮಾತನ್ನು ಯಾರೊಡನೆಯೂ ಆಡದೆ, ಸರಪಳಿಯನ್ನು ಜಗಲಿಯ ಮೊಳೆಗೆ ನೇತುಹಾಕಿ ಎರಡು ವರ್ಷ ಕಳೆದೆ.

ಮನೆ ಕಾಯಲೆಂದು ನಾಯಿಯನ್ನು ಇಟ್ಟುಕೊಳ್ಳುತ್ತೇವಲ್ಲ, ನಾಯಿಯನ್ನು ಕಾಯುವವರು ಯಾರು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಒಂದು ಹಿಡಿ ಮುದ್ದೆಗೆ, ಉಳಿದ ಸಾರಿಗೆ, ಅದು ತನ್ನ ಜೀವವನ್ನೇ ನಮ್ಮ ಬಾಗಿಲಿಗೆ ಬರೆದುಕೊಡುತ್ತದೆ. ನಾವು ಬಾಗಿಲು ಮುಚ್ಚಿ ಒಳಗೆ ಬೆಚ್ಚಗೆ ಮಲಗುತ್ತೇವೆ. ಈ ಯೋಚನೆ ತಲೆಗೆ ಹೊಕ್ಕ ಮೇಲೆ ಇನ್ನೊಂದು ನಾಯಿ ಬೇಡವೆಂದೇ ಇದ್ದೆ. ಆದರೆ ನಾಯಿಯಿಲ್ಲದ ಅಂಗಳ ಬಲು ಸಪ್ಪೆ ಕಣ್ರೀ. ಬಸ್ಸಿಳಿದು ಬರುವಾಗ ಎದುರು ಓಡಿಬರುವ ಒಂದು ಜೀವವಿಲ್ಲದಿದ್ದರೆ ಚೀಲವೂ ಭಾರ, ದಾರಿಯೂ ಉದ್ದ.

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಒಂದಿಷ್ಟು ದೂರ ಹೋದರೆ, ಚೆಂಡುಹೂವಿನ ಹೊಲಗಳ ನಡುವೆ ಲೀಲಮ್ಮ ಎಂಬ ನಿವೃತ್ತ ನರ್ಸ್ ನಡೆಸುವ ಪ್ರಾಣಿಗಳ ಆಶ್ರಯತಾಣವಿದೆ. ತಾಯಿಯ ಊರು ವಯನಾಡು, ಹುಟ್ಟಿ ಬೆಳೆದದ್ದು ಗುಂಡ್ಲುಪೇಟೆ; ಆಕೆಯ ಕನ್ನಡಕ್ಕೆ ಅಲ್ಲಲ್ಲಿ ಮಲಯಾಳದ ಒಗ್ಗರಣೆ. ಊಟಿಗೆ ಹೋಗುವ ಮೋಜಿನ ಕಾರುಗಳಿಂದ ದಾರಿಯಲ್ಲಿ ಇಳಿಸಿ ಹೋದ ನಾಯಿಗಳೇ ಅಲ್ಲಿ ಹೆಚ್ಚು. ಹಾಗೆ ಇಳಿದ ಯಾವುದೋ ಸೀಮೆಯ ದೊಡ್ಡ ಜಾತಿಯ ತಾಯಿಗೂ ನಮ್ಮೂರ ಬೀದಿಯ ಯಾವನೋ ವೀರನಿಗೂ ಹುಟ್ಟಿದ ಹೆಣ್ಣುಮರಿಯೊಂದು ಮೂರೇ ತಿಂಗಳಿಗೆ ಮೇಕೆಮರಿಯಷ್ಟು ಬೆಳೆದು, ತನ್ನ ಕಾಲಿಗೆ ತಾನೇ ತೊಡರಿ ಬೀಳುತ್ತ ನನ್ನ ಸೀರೆಯ ನೆರಿಗೆ ಹಿಡಿಯಿತು. ಬಣ್ಣ ಬಾಡಿದ ಚೆಂಡುಹೂವಿನದು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿ. ಹೆಣ್ಣೆಂದು ಕೆಲವರು, ಇಷ್ಟು ದೊಡ್ಡದಕ್ಕೆ ಹಾಕುವುದೇನೆಂದು ಕೆಲವರು, ಯಾರೂ ಒಯ್ದಿರಲಿಲ್ಲ. ನಾನು ಸೋತುಹೋದೆ.

"ರಾತ್ರಿ ಎಲ್ಲಿ ಮಲಗಿಸ್ತೀರಿ ಟೀಚರೇ?" ಎಂದರು ಲೀಲಮ್ಮ. "ಅಂಗಳದಲ್ಲಿ" ಎಂದು ಬಾಯಿ ತಪ್ಪಿ ಬಂತು. ಆಕೆ ಮರಿಯನ್ನು ನನ್ನ ಸೀರೆಯಿಂದ ಬಿಡಿಸಿ ಎತ್ತಿಕೊಂಡುಬಿಟ್ಟರು. "ಚಿರತೆ ಬಾಯಿಗೆ ಕೊಡಕ್ಕೆ ಬಾಟಲಿ ಹಾಲು ಕುಡಿಸಿ ಸಾಕಲಿಲ್ಲ ನಾನು, ಕೇಟ್ಟೋ? ಮನೆ ಒಳಗೆ ಮಲಗಬೇಕು. ಹದಿನೈದನೇ ದಿನ ಬಂದು ನೋಡ್ತೀನಿ. ಹೊರಗಿದ್ರೆ ವಾಪಸ್ ತಗೊಂಡು ಹೋಗ್ತೀನಿ, ಅಷ್ಟೇ." ಹಾಗೆಂದು ಬರೆದ ಕಾಗದಕ್ಕೆ ನಾನು ರುಜು ಹಾಕಿದೆ. ನನ್ನ ಎದೆಯೊಳಗೆ ಎರಡು ವರ್ಷದಿಂದ ಕೂತಿದ್ದ ಮಾತನ್ನು ಆ ತಾಯಿ ಅಷ್ಟು ಸಲೀಸಾಗಿ ಆಡಿದ್ದರು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮರಿಯನ್ನು ಕಿವಿಯಿಂದ ಬಾಲದವರೆಗೆ ನೋಡಿ, "ಇದೇನಮ್ಮಿ, ನಾಯಿ ತತ್ತೀನಿ ಅಂತೇಳಿ ಹಸೀನ ಕರ ತಂದ್ಬುಟ್ಟಿದ್ದೀಯಲ್ಲ! ಇರ್ಲಿ ಬುಡು, ಆಚ್ಗಡೆ ಇರ್ಲಿ. ಲಿಂಗ ಇರೋ ಮನೆ, ಒಸ್ಲು ಮಾತ್ರ ದಾಟಂಗಿಲ್ಲ ಕಣಮ್ಮಿ" ಎಂದರು. ನಾನು ಅದಕ್ಕೂ ತಲೆಯಾಡಿಸಿದೆ. ಮಕ್ಕಳಿಗೆ ಸತ್ಯದ ಪಾಠ ಹೇಳುವ ನಾನು ಒಂದೇ ದಿನ ಗುಂಡ್ಲುಪೇಟೆಯಲ್ಲೊಂದು ಮಾತು, ಹರವೆಯಲ್ಲೊಂದು ಮಾತು ಕೊಟ್ಟು ಕೂತಿದ್ದೆ.

ನನ್ನ ಪೇಚಾಟ ಕಂಡು ನಮ್ಮ ಯಜಮಾನರು ತಮ್ಮ ಮಂಚವನ್ನು ಜಗಲಿಗೆ ಹಾಕಿಸಿದರು. "ನಾನೇ ಕಾಯ್ತೀನಿ ಬುಡು, ಚೆಂಡೀನ" ಎಂದರು. ಆ ಹೆಸರು ಅವರಿಟ್ಟದ್ದು. ಹೀಗೆ ನಾಯಿಯನ್ನು ಮನುಷ್ಯ ಕಾಯುವ ಸಂಪ್ರದಾಯವೊಂದು ನಮ್ಮ ಮನೆಯಲ್ಲಿ ಪ್ರಾರಂಭವಾಯಿತು. ಆದರೆ ಅವರ ಗೊರಕೆಯ ಬಲದ ಮೇಲೆ ಎಷ್ಟು ದಿನ ನಂಬಿಕೆ ಇಡುವುದು?

ಚೆಂಡಿಯಂತೂ ಅತ್ತೆಯ ಆಜ್ಞೆಯನ್ನು ಅಕ್ಷರಶಃ ಪಾಲಿಸಿದಳು. ಹೊಸಿಲನ್ನು ದಾಟಲಿಲ್ಲ; ಅದರ ಮೇಲೆಯೇ ಮಲಗಿದಳು. ತಲೆ, ಮುಂಗಾಲು ನಡುಮನೆಯ ಕಡೆಗೆ, ಹಿಂಗಾಲು, ಬಾಲ ಜಗಲಿಯ ಕಡೆಗೆ, ಹೊಟ್ಟೆ ಆ ತಗ್ಗಿನೊಳಕ್ಕೆ. ಅತ್ತೆ ಗದರಿದರೆ ಏಳುವಳು, ಬೆನ್ನು ತಿರುಗಿಸಿದರೆ ಮತ್ತೆ ಅಲ್ಲೇ. ಬಳಿದ ಅರಿಶಿನವೆಲ್ಲ ಅವಳ ಹೊಟ್ಟೆಗೂ ಪಾದಕ್ಕೂ ಮೆತ್ತಿ, ಅತ್ತೆ ದಿನಕ್ಕೆರಡು ಸಲ ಹೊಸಿಲು ಸಾರಿಸುವಂತಾಯಿತು.

ಹದಿನಾಲ್ಕನೆಯ ದಿನ ನಮ್ಮ ಬಾಳೆತೋಟದ ಹಸಿಮಣ್ಣಿನಲ್ಲಿ ಚಿರತೆಯ ಹೆಜ್ಜೆಗಳು ಕಂಡವು. ಯಜಮಾನರು ಮಂಚವನ್ನು ಒಳಗೆ ತಂದರು. ಮುಸ್ಸಂಜೆ ಅತ್ತೆ ದೀಪ ಹಚ್ಚಿದರು. ಲಕ್ಷ್ಮಿ ಬರುವ ಹೊತ್ತೆಂದು ಒಂದಿಷ್ಟು ಹೊತ್ತು ತೆರೆದಿಟ್ಟ ಬಾಗಿಲನ್ನು ಇನ್ನು ಹಾಕಬೇಕು. ಹಾಕುವುದು ಹೇಗೆ? ರಾತ್ರಿ ತಮ್ಮ ಮಂಚದ ಬಳಿಗೆ ಕರೆದುಕೊಳ್ಳುತ್ತಿದ್ದ ಯಜಮಾನರೂ ಒಳಗಿದ್ದಾರೆ, ನಡುವೆ ಚೆಂಡಿ ಅಡ್ಡ ಮಲಗಿದ್ದಾಳೆ.

"ಎಬ್ಬಿಸಮ್ಮಿ, ಬಾಗ್ಲಾಕ್ಬೇಕು" ಎಂದರು ಅತ್ತೆ.

"ಎಬ್ಬಿಸಿ ಎತ್ಲಾಗೆ ಕಳಿಸ್ಲಿ ಅತ್ತೆ? ಒಳಕ್ಕೋ, ಆಚೆಗೋ?"

"ಕೊಟ್ಟಿಗೇಲಿ ಕಟ್ಟಾಕು."

ನಮ್ಮ ಕೊಟ್ಟಿಗೆಗೆ ಬಾಗಿಲಿಲ್ಲ. ಮೊಳೆಯಿಂದ ಸರಪಳಿ ತೆಗೆದುಕೊಂಡೆ. ಅದರ ಸದ್ದಿಗೆ ಆಟವೆಂದುಕೊಂಡ ಚೆಂಡಿ ಮಲಗಿದ್ದಲ್ಲಿಂದಲೇ ಬಾಲ ಬಡಿದಳು. ನಾನು ಸರಪಳಿ ಕೆಳಗಿಟ್ಟೆ. "ರಾಜನ್ನ ಕಟ್ಟಾಕಿದ್ದು ನಾನೇ ಅತ್ತೆ. ಓಡೋಕೂ ಬಿಡ್ಲಿಲ್ಲ ನಾನು. ಇನ್ನೊಂದು ಜೀವಾನ ಕಟ್ಟೋಕೆ ನನ್ನ ಕೈಲಾಗಲ್ಲ. ನಾಳೆ ಇವಳನ್ನ ಕೊಟ್ಟ ಆಯಮ್ಮ ಬರ್ತಾರೆ, ಒಳಗೆ ಮಲಗಿಸಲ್ಲ ಅಂದ್ರೆ ಕರ್ಕೊಂಡು ಹೋಗ್ಲಿ. ಈ ಒಂದು ರಾತ್ರಿ ಮಾತ್ರ..." ಎಂದು ಮುಂದೆ ಹೇಳಲಾಗದೆ ಅತ್ತುಬಿಟ್ಟೆ. ಐವತ್ತು ದಾಟಿದ ಟೀಚರು, ಅತ್ತೆಯ ಮುಂದೆ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ.

ಅತ್ತೆ ನನ್ನನ್ನು ನೋಡಲಿಲ್ಲ. ಚೆಂಡಿಯ ಮುಂಗಾಲುಗಳನ್ನು ನೋಡುತ್ತಿದ್ದರು, ಬೆಳಗಿನ ಅರಿಶಿನ ಮೆತ್ತಿದ್ದ ಆ ದಪ್ಪ ಪಾದಗಳನ್ನು. "ನೀನೂ ಇಂಗೇ ನಿಂತ್ಬುಟ್ಟಿದ್ದೆ ಕಣಮ್ಮಿ" ಎಂದರು.

ಹೊಸಿಲು ತುಳಿದವಳೊಬ್ಬಳಿದ್ದಾಳೆ ಎಂದೆನಲ್ಲ, ಅವಳು ನಾನು. ಮದುವೆಯಾಗಿ ಬಂದ ದಿನ, ಅಕ್ಕಿ ತುಂಬಿದ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಬರಬೇಕಾದವಳು, ತುಂಬಿದ ಮನೆಯ ಮುಖಗಳನ್ನು ಕಂಡು ಹೆದರಿ, ಅರಿಶಿನದ ಪಾದವನ್ನು ಹೊಸಿಲ ಮೇಲೆಯೇ ಊರಿ ನಿಂತುಬಿಟ್ಟಿದ್ದೆ. ಹೆಂಗಸರೆಲ್ಲ "ಅಯ್ಯೋ ಶಿವನೇ, ತುಳಿದ್ಬುಟ್ಲಲ್ಲ!" ಎಂದು ಗುಲ್ಲೆಬ್ಬಿಸಿದಾಗ ಒಂದು ಕೈ ಬಂದು ನನ್ನ ಮುಂಗೈ ಹಿಡಿದು ಒಳಗೆ ಎಳೆದುಕೊಂಡಿತ್ತು.

"ಅವತ್ತು ನಿನ್ನ ಆಚಿಕ್ಕೆ ತಳ್ಳುದ್ನಾ ನಾನು?" ಎಂದವರೇ ಅತ್ತೆ ಬಗ್ಗಿ, ಹುಟ್ಟಾ ನಾಯಿ ಮುಟ್ಟದ ಆ ಕೈಯಿಂದ ಚೆಂಡಿಯ ಕೊರಳ ಪಟ್ಟಿ ಹಿಡಿದು, "ಬಾರವ್ವ" ಎಂದು ಎಳೆದರು. ಹಿಂಗಾಲೆರಡೂ ಒಳಗೆ ಬಂದವು. ಬಾಗಿಲು ಹಾಕಿ, ಚಿಲಕ ಜಡಿದು, ಯಾರ ಮುಖವನ್ನೂ ನೋಡದೆ ಅತ್ತೆ ಇನ್ನೊಂದು ಸಲ ಸ್ನಾನಕ್ಕೆ ಹೋದರು.

ಮಾರನೆಯ ಬೆಳಗ್ಗೆ ಕಾಫಿ ಹೊತ್ತಿಗೆ ಲೀಲಮ್ಮ ಬಂದರು. "ಎಲ್ಲಿ ಮಲಗ್ತಾಳೆ?" ಎಂದಾಗ ನಾನು ಬಾಯಿಬಿಡುವ ಮೊದಲೇ ಅತ್ತೆ, "ನೆಲ ನೋಡ್ಕಳವ್ವ" ಎಂದರು. ಹೊಸಿಲಿನಿಂದ ನಡುಮನೆಯ ಕೆಂಪು ನೆಲದುದ್ದಕ್ಕೂ ಹಳದಿ ಹೆಜ್ಜೆಗಳು: ಅಡುಗೆಮನೆಗೆ, ರಾಗಿ ಡ್ರಮ್ಮಿನ ಬಳಿಗೆ, ಅತ್ತೆಯ ಚಾಪೆಯ ಅಂಚಿಗೆ. ಕೊನೆಯ ಹೆಜ್ಜೆಗಳು ದೇವರಕೋಣೆಯ ಹೊಸಿಲ ಬಳಿ ನಿಂತಿದ್ದವು. ಚೆಂಡಿ ಈಗ ಅದಕ್ಕೆ ಗಲ್ಲ ಊರಿ ಮಲಗಿದ್ದಳು. ಒಳಗೆ ಬಂದದ್ದು ನಿನ್ನೆಯಷ್ಟೇ ಎಂದು ನಾನು ತಪ್ಪೊಪ್ಪಿಕೊಂಡೆ. ಲೀಲಮ್ಮ ನಕ್ಕು, "ಬಂದ್ಲಲ್ಲ, ಅಷ್ಟು ಸಾಕು" ಎಂದು ನಾನು ರುಜು ಹಾಕಿದ್ದ ಕಾಗದವನ್ನು ನನ್ನ ಕೈಗಿತ್ತರು.

ಈಗ ಆರು ತಿಂಗಳಾಯಿತು. ಸರಪಳಿಯಲ್ಲಿ ಯಜಮಾನರು ತೋಟದ ಗೇಟು ಬಿಗಿಯುತ್ತಾರೆ. ಹೊಸಿಲಿಗೆ ಅತ್ತೆ ಮೊದಲು ಎರಡು ತುದಿಗೂ ಅರಿಶಿನ ಬಳಿದು, ಚೆಂಡಿ ಮೈಮುರಿದು ಏಳುವವರೆಗೂ ನಡುವಿನ ತಗ್ಗಿಗಾಗಿ ಕಾಯುತ್ತಾರೆ. ತಮ್ಮ ಕಾಫಿ ತಡವಾಗುತ್ತದೆಂದು ಗೊಣಗುತ್ತಾರೆ, ಆದರೆ ಎಬ್ಬಿಸುವುದಿಲ್ಲ.

ಮೊನ್ನೆ ಸಂಜೆ ಬಸ್ಸಿಳಿದು ಬರುವಾಗ ಚೆಂಡಿ ದಾರಿಯ ಅರ್ಧಕ್ಕೇ ಓಡಿ ಬಂದು, ನನ್ನ ಚೀಲ ಮೂಸಿ, ಮುಂದೆ ಮುಂದೆ ಓಡಿ ಹೋಗಿ ತನ್ನ ಜಾಗದಲ್ಲಿ ಉರುಳಿಕೊಂಡಳು. ಕಾಲು ಸೋತಿತ್ತು. ಏನನ್ನಿಸಿತೋ, ನಾನೂ ಅವಳ ಪಕ್ಕದಲ್ಲಿ, ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೂರದ ಆ ಹೊಸಿಲ ಮೇಲೆ ಕೂತು ಅವಳ ಮಡಚಿದ ಕಿವಿಯನ್ನು ಸವರತೊಡಗಿದೆ. ಬೈಗುಳಕ್ಕೆ ಬೆನ್ನು ಸಿದ್ಧಮಾಡಿಕೊಂಡೇ ಕೂತಿದ್ದೆ. ಒಳಗಿನಿಂದ ದೀಪದ ಬತ್ತಿ ಹೊಸೆಯುತ್ತಲೇ ಅತ್ತೆ ಕೂಗಿದರು:

"ಒಸ್ಲು ಮ್ಯಾಲೆ ಕೂರ್ಬ್ಯಾಡಿ ಕಣ್ರಮ್ಮಿ. ಇಬ್ರೂ ಒಳಿಕ್ಕೆ ಬನ್ನಿ."