ಸಮ್ಮೇಳನದ ಚಟ್ನಿಗೆ ಹಾಕಿದ ಐಸ್

ದೊಡ್ಡ ಗ್ರೈಂಡರಿನಲ್ಲಿ ಕಾಯಿ ಚಟ್ನಿ ರುಬ್ಬುವಾಗ ನಡುನಡುವೆ ಐಸ್ ಹಾಕಬೇಕು. ಹಾಕದಿದ್ದರೆ ಕಲ್ಲು ಬಿಸಿಯಾಗಿ ಕಾಯಿ ಎಣ್ಣೆ ಬಿಡುತ್ತದೆ, ಚಟ್ನಿಯ ಬಿಳುಪು ಹೋಗುತ್ತದೆ, ಬೆಳಗು ಕಳೆಯುವುದರೊಳಗೆ ಹಳಸಿದ ವಾಸನೆ ಬರುತ್ತದೆ. ಮುಂಬಯಿಯ ಘಾಟ್ಕೋಪರಿನ ನಮ್ಮ ಅಡಿಗೆಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೀಗೆಯೇ ನಡೆದುಕೊಂಡು ಬಂದಿದೆ. ಅಡಿಗೆಮನೆ ಎಂದರೆ ನನ್ನ ಯಜಮಾನರು, ನಾನು, ಊರಿನಿಂದ ನಮ್ಮೊಂದಿಗೇ ಬಂದು ನಮ್ಮೊಂದಿಗೇ ತಲೆ ಬೆಳ್ಳಗಾಗಿಸಿಕೊಂಡ ಭಟ್ಟರು, ಬಡಿಸಲು ಬರುವ ನಾಲ್ಕಾರು ಜನ. ಮದುವೆ, ಉಪನಯನ, ಬಿಲ್ಡಿಂಗಿನ ಸತ್ಯನಾರಾಯಣ ಪೂಜೆ, ಇವೇ ನಮ್ಮ ಆರ್ಡರುಗಳು.

ಆ ವರ್ಷ ಮಾತ್ರ ನಮ್ಮ ಅಳತೆಗೆ ಮೀರಿದ ಒಂದು ಆರ್ಡರು ಬಂತು. ಅಂಧೇರಿಯ ದೊಡ್ಡ ಹಾಲಿನಲ್ಲಿ ಮೂರು ದಿನ ಅಂತಾರಾಷ್ಟ್ರೀಯ ಸಮ್ಮೇಳನ. ಬರುವವರೆಲ್ಲ ಸೋಂಕು ರೋಗಗಳ ಡಾಕ್ಟರುಗಳು, ರೋಗಾಣುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವ ಲ್ಯಾಬಿನವರು. ಊಟ-ತಿಂಡಿಯ ಜವಾಬ್ದಾರಿ ಹೊತ್ತಿದ್ದ ಲೇಡಿ ಡಾಕ್ಟರಿಗೆ ತಾಯಿಯ ಕಡೆಯಿಂದ ಮಂಗಳೂರು. ಯಾರದೋ ಮದುವೆಯಲ್ಲಿ ನಮ್ಮ ಇಡ್ಲಿ ತಿಂದು ನೆನಪಿಟ್ಟುಕೊಂಡಿದ್ದರು. ಒಪ್ಪಿಕೊಳ್ಳುವ ಮೊದಲು ಅಡಿಗೆಮನೆ ನೋಡಬೇಕು ಎಂದು ತಾವೇ ಬಂದರು.

"ಅಕ್ಕಾ, ನನ್ನ ಕನ್ನಡ ಥೋಡಾ ಕಚ್ಚಾ, ಬೇಜಾರ್ ಮಾಡ್ಬೇಡಿ" ಎನ್ನುತ್ತಲೇ ನೀರಿನ ಟಾಂಕಿಯ ಮುಚ್ಚಳ ತೆಗೆಸಿದರು, ನಮ್ಮೆಲ್ಲರ ಉಗುರು ನೋಡಿದರು, ಫ್ರಿಜ್ಜಿನೊಳಗೆ ತಲೆ ಹಾಕಿದರು. ಯಜಮಾನರಿಗೆ ಸುಮ್ಮನಿರಲು ಬರುವುದಿಲ್ಲ.

"ಡಾಕ್ಟ್ರೇ, ಅಷ್ಟು ಜನ ಡಾಕ್ಟ್ರುಗಳು ಕೂತಲ್ಲಿ ಒಬ್ಬರ ಹೊಟ್ಟೆ ಕೆಟ್ಟರೂ ಮದ್ದಿಗೆಂತ ಬರಗಾಲ ಮಾರಾಯ್ರೆ?"

"ಮದ್ದಿಗೆ ಇಲ್ಲ ಅಣ್ಣಾ. ಆದ್ರೆ ನಿಮ್ಮ ಚಟ್ನಿ ಫೋಟೋ ಹಾಕಿ ನೆಕ್ಸ್ಟ್ ಸಮ್ಮೇಳನದಲ್ಲಿ ಯಾರಾದ್ರೂ ಅರ್ಧ ಗಂಟೆ ಭಾಷಣ ಮಾಡ್ತಾರೆ, ದೇಖ್ ಲೇನಾ."

ಎಲ್ಲರೂ ನಕ್ಕೆವು. ಹೊರಡುವಾಗ ಅವರು ನನ್ನ ಕೈ ಹಿಡಿದು ಹೇಳಿದರು: "ಒಂದೇ ಮಾತು ಅಕ್ಕಾ. ಬಾಹರ್ ಕಾ ಬರ್ಫ್ ಬೇಡ. ಫ್ಯಾಕ್ಟರಿ ಐಸ್ ಬಾಟಲಿ ತಣ್ಣಗೆ ಮಾಡ್ಲಿಕ್ಕೆ ಮಾತ್ರ. ಬಾಯಿಗೆ ಹೋಗೋದಕ್ಕೆ ಹಾಕ್ಬೇಡಿ." ಬರ್ಫ್ ಎಂದರೆ ಗೋಣಿ ಸುತ್ತಿ, ಕೈಗಾಡಿಯಲ್ಲಿ ಹೇರಿ, ಫುಟ್‌ಪಾತಿನ ಮೇಲೆ ಎಳೆದು ತರುವ ಆ ದೊಡ್ಡ ಗಡ್ಡೆ. ಸುಳ್ಳೇಕೆ ಹೇಳಲಿ, ಮದುವೆಯ ಆರ್ಡರುಗಳಲ್ಲಿ ಬಾಟಲಿಯ ಟಬ್ಬಿನಿಂದಲೇ ಒಂದು ತುಂಡು ಒಡೆದು ಗ್ರೈಂಡರಿಗೆ ಹಾಕುವುದು ನಮ್ಮಲ್ಲಿ ಇತ್ತು. ಡಾಕ್ಟರು ಹೇಳಿದ ಮೇಲೆ ನೀರು ಕುದಿಸಿ ಆರಿಸಿ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟೆ.

ಮೊದಲ ದಿನ ಚಟ್ನಿ ಬೇಗ ಖಾಲಿಯಾಗಿ ಎರಡನೆಯ ಸಲ ರುಬ್ಬಬೇಕಾಯಿತು. ಐಸ್ ಮುಗಿಯಿತು. ಸಂಜೆ ಮತ್ತೆ ತುಂಬಿಸಿಟ್ಟ ಡಬ್ಬಿಗಳನ್ನು ಎರಡನೆಯ ದಿನ ಬೆಳಿಗ್ಗೆ ತೆಗೆದು ನೋಡಿದರೆ ಮೇಲೆ ಕೆನೆಯಷ್ಟು ಗಟ್ಟಿ, ಒಳಗೆಲ್ಲ ನೀರು.

"ಅಮ್ಮಾ, ಕಲ್ಲು ಬಿಸಿ ಆಗ್ತಾ ಉಂಟು. ಐಸ್ ಕೊಡಿ ಬೇಗ" ಎಂದರು ಭಟ್ಟರು, ತಲೆ ಎತ್ತದೆ.

ಬಾಗಿಲ ಬಳಿ ಬಾಟಲಿಗೆಂದು ತರಿಸಿದ ಬರ್ಫಿನ ಟಬ್ಬು ಇತ್ತು. ಕೈಯಲ್ಲಿ ಕಾಯಿ ಒಡೆಯುವ ಕತ್ತಿ ಇತ್ತು. ಇಡ್ಲಿ ಎಷ್ಟು ಬೆಂದಿದೆ, ಟೆಂಪೋದವನು ಯಾಕೆ ಇನ್ನೂ ಬರಲಿಲ್ಲ ಎಂದುಕೊಳ್ಳುತ್ತಲೇ ಬರ್ಫಿನ ಮೂಲೆ ಒಡೆದು ಬಟ್ಟಲಲ್ಲಿ ತುಂಬಿ ಕೊಟ್ಟೆ. ಯೋಚಿಸಿ ಮಾಡಿದ್ದಲ್ಲ, ಅಭ್ಯಾಸದ ಕೈ ಮಾಡಿದ್ದು. ಹೊರಡುವ ಮೊದಲು ಅದೇ ಚಟ್ನಿ ಹಾಕಿಕೊಂಡು ಎರಡು ಇಡ್ಲಿ ತಿಂದೆ. ಚೆನ್ನಾಗಿತ್ತು. ಬೆಳ್ಳಗೆ, ತಣ್ಣಗೆ.

ಹಾಲಿನಲ್ಲಿ ಬಡಿಸಲು ಶುರುಮಾಡಿ ಹತ್ತು ನಿಮಿಷವಾಗಿತ್ತು. ಎತ್ತರದ ಒಬ್ಬ ವಿದೇಶಿ ಮುದುಕರು, ಕನ್ನಡಕವನ್ನು ದಾರ ಕಟ್ಟಿ ಎದೆಯ ಮೇಲೆ ಇಳಿಬಿಟ್ಟವರು, ಮೂರನೆಯ ಸಲ ಬಂದು ಚಟ್ನಿಯ ಕಡೆ ಬೆರಳು ತೋರಿಸಿದರು. ಬಡಿಸಿದೆ. ಪಕ್ಕದಲ್ಲಿ ಯಾರೋ ಟಬ್ಬಿನಿಂದ ನೀರಿನ ಬಾಟಲಿ ಎತ್ತಿದರು. ಬಾಟಲಿಯ ತಳಕ್ಕೆ ಗೋಣಿಯ ಒಂದು ಕಂದು ನಾರು ಅಂಟಿಕೊಂಡು ತೊಟ್ಟಿಕ್ಕುತ್ತಿತ್ತು. ನನ್ನ ಸೌಟು ಅಲ್ಲಿಯೇ ನಿಂತಿತು.

ಚಟ್ನಿಯ ಪಾತ್ರೆಗೆ ಮುಚ್ಚಳ ಹಾಕಿ ಮೇಜಿನ ಕೆಳಗಿಟ್ಟೆ. ಸಾಂಬಾರಿನ ಬಳಿ ಇದ್ದ ಯಜಮಾನರ ಕಿವಿಯಲ್ಲಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಮೆಲ್ಲ ಮಾತಾಡು ಮಾರಾಯ್ತಿ. ಮುಗಿಯಿತು ಅಂತ ಹೇಳು. ಏನೂ ಆಗುದಿಲ್ಲ. ಇಷ್ಟು ವರ್ಷ ಎಂತಾದ್ರೂ ಆಗಿದೆಯಾ?"

"ಆಗಿದ್ದರೆ ನಮಗೆ ಯಾರು ಬಂದು ಹೇಳ್ತಾರೆ?" ಎಂದೆ. ಹೇಳಿದ ಮೇಲೆಯೇ ಆ ಮಾತು ನನ್ನನ್ನು ಹಿಡಿದುಕೊಂಡಿತು. ಇಪ್ಪತ್ತೆರಡು ವರ್ಷದ ಮದುವೆಮನೆಗಳು, ಉಂಡು ಕೈತೊಳೆದು ಲೋಕಲ್ ಟ್ರೇನು ಹತ್ತಿ ಹೋದ ಅಷ್ಟೂ ಜನ. ಡಾಕ್ಟರನ್ನು ಹುಡುಕಿಕೊಂಡು ಹೋದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಎಷ್ಟು ಜನ ತಿಂದ್ರು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಚಟ್ನಿಯನ್ನೂ ಬರ್ಫನ್ನೂ ಬೇರೆ ಬೇರೆ ಬಾಟಲಿಯಲ್ಲಿ ತುಂಬಿ ತಮ್ಮ ಲ್ಯಾಬಿಗೆ ಕಳಿಸಿ, ನೇರ ವೇದಿಕೆಗೆ ಹೋಗಿ ಮೈಕಿನಲ್ಲಿ ಹೇಳಿಬಿಟ್ಟರು. ಇಂಗ್ಲಿಷಿನ ಆ ಮಾತುಗಳ ನಡುವೆ 'ಚಟ್ನಿ' ಎಂಬುದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಮೊದಲು ಒಂದು ನಗು ಎದ್ದಿತು. ಆಮೇಲೆ ನಗು ನಿಂತಿತು. ಇದರಿಂದ ಏನೇನು ಆಗಬಹುದೆಂದು ಚೆನ್ನಾಗಿ ತಿಳಿದವರೇ ಆ ಕುರ್ಚಿಗಳಲ್ಲಿ ಕುಳಿತಿದ್ದರಲ್ಲ. ಚಟ್ನಿ ತಿಂದವರ ಕೈಗಳು ಒಂದೊಂದಾಗಿ ಮೇಲೆದ್ದವು.

ಅವುಗಳಲ್ಲಿ ಮೂರು ಸಲ ಹಾಕಿಸಿಕೊಂಡ ಮುದುಕರ ಕೈ ಇರಲಿಲ್ಲ. ಅವರ ಗುರುತು ಗೊತ್ತಿದ್ದದ್ದು ನನಗೊಬ್ಬಳಿಗೆ.

ಅವರನ್ನು ಹುಡುಕುತ್ತ ಓಡಿದೆ. ಪಕ್ಕದ ಹಾಲಿನಲ್ಲಿ ಉದ್ದುದ್ದ ಹಲಗೆಗಳ ಮೇಲೆ ದೊಡ್ಡ ದೊಡ್ಡ ಪೋಸ್ಟರುಗಳು. ಗಾಜಿನ ತಟ್ಟೆಗಳ ಮೇಲೆ ಹಳದಿ ಚುಕ್ಕೆ, ಹಸಿರು ಲೋಳೆ, ಭೂಪಟದ ತುಂಬ ಕೆಂಪು ಬೊಟ್ಟು. ಅಕ್ಷರ ಓದಲು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಅರ್ಥವಾಗದೆಯೇ ಅಷ್ಟು ಹೆದರಿಕೆಯಾಯಿತು. ಏಪ್ರನ್ ಕಟ್ಟಿದ ಸೀರೆಯ ಹೆಂಗಸು ಓಡುತ್ತಿರುವುದನ್ನು ಕಂಡು ಜನ ದಾರಿ ಬಿಟ್ಟರು. ಕೊನೆಯ ಸಾಲಿನಲ್ಲಿ ತಮ್ಮ ಪೋಸ್ಟರಿನ ಮೂಲೆಗೆ ಟೇಪು ಅಂಟಿಸುತ್ತ ಅವರು ನಿಂತಿದ್ದರು. ನನ್ನನ್ನು ನೋಡಿ, ಇನ್ನಷ್ಟು ತಿಂಡಿ ಬಂತೆಂದೇ ತಿಳಿದು ನಕ್ಕರು.

"ಸರ್, ವೈಟ್ ಚಟ್ನಿ. ಐಸ್ ಬ್ಯಾಡ್. ಸಾರಿ ಸರ್." ನನ್ನಲ್ಲಿದ್ದ ಇಂಗ್ಲಿಷು ಅಷ್ಟೇ.

ನಗು ಮೆಲ್ಲನೆ ಇಳಿಯಿತು. ಕನ್ನಡಕ ಏರಿಸಿಕೊಂಡು ಮೊದಲು ಗಡಿಯಾರ ನೋಡಿದರು, ಆಮೇಲೆ ನನ್ನನ್ನು. "ಯು?" ಎಂದು ಕೇಳಿ, ಬಾಯಿಗೆ ತುತ್ತಿಡುವಂತೆ ಕೈಮಾಡಿ ತೋರಿಸಿದರು. "ಯು ಈಟ್?"

ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಮೂರನೆಯ ದಿನ ಬೆಳಿಗ್ಗೆ, ಅಡಿಗೆ ಶುರುವಾಗುವ ಮೊದಲೇ ಡಾಕ್ಟರು ಅಡಿಗೆಮನೆಗೆ ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಬರ್ಫಿನಲ್ಲಿ ರೋಗಾಣು ಬೆಳೆದಿದೆ ಅಕ್ಕಾ. ಗಟರಿನ ಗಲೀಜಿನಲ್ಲಿ ಇರುತ್ತಲ್ಲ, ವೋ ವಾಲಾ. ಯಾವುದು ಅಂತ ಹೆಸರು ಗೊತ್ತಾಗ್ಲಿಕ್ಕೆ ಇನ್ನೂ ಟೈಮ್ ಬೇಕು. ಇವತ್ತು ಚಟ್ನಿ ಬೇಡ. ನಿಮ್ಮಲ್ಲಿ ಯಾರಿಗಾದ್ರೂ ಹೊಟ್ಟೆ ನೋವು, ಲೂಸ್ ಮೋಶನ್? ಸಚ್ ಬೋಲೋ. ಇದ್ರೆ ಅಡಿಗೆ ಮುಟ್ಟಬಾರ್ದು."

ಭಟ್ಟರು ಇಲ್ಲವೆಂದರು. ಯಜಮಾನರು ಇಲ್ಲವೆಂದರು. ನನ್ನ ಸರದಿ ಬಂತು. ಆ ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲು ನಾನು ಮೂರು ಸಲ ಹೋಗಿ ಬಂದಿದ್ದೆ. ಯಜಮಾನರಿಗೂ ಹೇಳಿರಲಿಲ್ಲ. ಹೇಳಿದರೆ ಅಷ್ಟೂ ಜನರ ಮಧ್ಯಾಹ್ನದ ಊಟ ನಿಲ್ಲುತ್ತದೆ, ನಮ್ಮ ಹೆಸರು ಅಂಧೇರಿಯಿಂದ ದಾದರಿನವರೆಗೆ ಕೆಡುತ್ತದೆ, ಯಜಮಾನರು ಮತ್ತೆ ಯಾರ ಮುಂದೆ ಹೋಗಿ ಆರ್ಡರು ಕೇಳಬೇಕು? ಸೋಪು ಹಾಕಿ ಕೈ ತೊಳೆದೇ ತೊಳೆದಿದ್ದೇನಲ್ಲ, ಬಡಿಸುವುದಕ್ಕೆ ಗ್ಲೌಸು ಉಂಟಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಇಲ್ಲ ಡಾಕ್ಟ್ರೇ" ಎಂದೆ.

ಮುದುಕರು ತಿಂಡಿಯ ಹೊತ್ತಿಗೆ ಬಂದು, ಹೊಟ್ಟೆ ತಟ್ಟಿಕೊಂಡು ಸರಿಯಿದೆಯೆಂದು ತೋರಿಸಿದರು. ಆಮೇಲೆ ನನ್ನ ಕಡೆ ಬೆರಳು ಮಾಡಿ ಹುಬ್ಬೇರಿಸಿದರು. ನಾನೂ ಸರಿಯಿದೆಯೆಂದು ತಲೆಯಾಡಿಸಿದೆ. ಅವರ ಕಣ್ಣು ನನ್ನ ಮುಖದ ಮೇಲೆ ಸ್ವಲ್ಪ ಹೊತ್ತು ಹೆಚ್ಚೇ ನಿಂತಿತು. ಸಂಜೆ ವಿಮಾನ ಹತ್ತಿ ಹೋದರು. ಎಲ್ಲರೂ ಹೋದರು, ಅವರವರ ದೇಶಗಳಿಗೆ.

ಮನೆಗೆ ಬಂದ ಮೇಲೆ ಹೆದರಿಕೆ ಸರಿಯಾಗಿ ಶುರುವಾಯಿತು. ನನಗೆ ಜ್ವರವಿರಲಿಲ್ಲ, ಹೊಟ್ಟೆ ಹಿಂಡುತ್ತಿತ್ತು, ಅಷ್ಟೇ. ಗಂಜಿ ಕುಡಿದು ಮಲಗಿದೆ. ಆಯಾಸ ಎಂದೆ, ಯಜಮಾನರು ನಂಬಿದರು. ಫೋನು ಹೊಡೆದಾಗಲೆಲ್ಲ ಯಜಮಾನರಿಗಿಂತ ಮೊದಲು ಎದ್ದು ಹೋಗಿ ಎತ್ತುತ್ತಿದ್ದೆ. ಸಮ್ಮೇಳನ ಮುಗಿದ ಎರಡನೆಯ ದಿನ ಮಧ್ಯಾಹ್ನ ಡಾಕ್ಟರೇ ಫೋನ್ ಮಾಡಿದರು. ಧ್ವನಿ ಹಗುರವಾಗಿತ್ತು.

"ಅಕ್ಕಾ, ಚಟ್ನಿ ತಿಂದವರೆಲ್ಲ ಮೇಲ್ ಮಾಡಿದ್ದಾರೆ. ಇಬ್ಬರಿಗೆ ಥೋಡಾ ಗಡಬಡ್ ಆಗಿತ್ತು, ಈಗ ಓಕೆ. ನಿಮ್ಮ ಮುದುಕ ಫ್ರೆಂಡ್ ಒಂದೇ ಲೈನ್ ಬರೆದಿದ್ದಾರೆ, ಆ ಹೆಂಗಸು ಹೇಗಿದ್ದಾರೆ ಅಂತ. ಏನು ಬರೀಲಿ?"

ಪಾರಾದೆ ಎಂದುಕೊಳ್ಳಬಹುದಿತ್ತು. ಆದರೆ ಆ ಮುದುಕರೇ ಎದುರಿಗೆ ನಿಂತು ಹುಬ್ಬೇರಿಸಿದಂತಾಯಿತು.

"ಹೊಟ್ಟೆ ಸರಿ ಇಲ್ಲ ಡಾಕ್ಟ್ರೇ" ಎಂದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಜಮಾನರು ತಿರುಗಿ ನೋಡಿದರು.

"ಕಬ್ ಸೇ?"

"ಸಮ್ಮೇಳನದ ಕೊನೆಯ ದಿನದಿಂದ."

ಈಗ ಅವರ ಧ್ವನಿಯಲ್ಲಿ ಹಗುರವೇನೂ ಇರಲಿಲ್ಲ. "ನಾನು ಸಾಲಾಗಿ ನಿಲ್ಲಿಸಿ ಕೇಳಿದ್ದೆ. ಅದಕ್ಕೆ ಮೊದಲೋ, ನಂತರವೋ?"

"ಮೊದಲು."

ಕಾಗದ ಎಳೆದುಕೊಂಡ ಸದ್ದು ಕೇಳಿಸಿತು. "ಈಗಲೇ ಟ್ಯಾಕ್ಸಿ ಹಿಡಿದು ನನ್ನ ಲ್ಯಾಬಿಗೆ ಬನ್ನಿ. ಅದಕ್ಕೂ ಮೊದಲು ಹೇಳಿ, ಆ ದಿನ ಏನೇನು ಮುಟ್ಟಿದ್ರಿ? ಏಕ್ ಏಕ್ ಕರ್ಕೇ. ಗ್ಲೌಸ್ ಇಲ್ಲದೆ ಮುಟ್ಟಿದ್ದು."

ಕಣ್ಣು ಮುಚ್ಚಿ ಆ ಬೆಳಗಿಗೆ ಮರಳಿದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರಿದ್ದು, ಅದು ಆಮೇಲೆ ಬೆಂದಿತು. ಉಪ್ಪಿಟ್ಟಿಗೆ ಕರಿಬೇವು ಬಿಡಿಸಿದ್ದು, ಅದೂ ಬೆಂದಿತು. ಲಿಂಬೆ ಹೆಚ್ಚಿದ್ದು. ನೀರಿನ ಲೋಟಗಳನ್ನು ಒರೆಸಿ ಕವುಚಿಟ್ಟಿದ್ದು. ಆಮೇಲೆ ಕೋಸಂಬರಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕೊತ್ತಂಬರಿಸೊಪ್ಪು, ಎಲ್ಲ ಹಸಿ, ಮಧ್ಯಾಹ್ನ ಎಲ್ಲರ ತಟ್ಟೆಗೂ ಬಡಿಸಿದ್ದು. ಸೌಟು ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆಂದು ಅದನ್ನು ನಾನು ಯಾವಾಗಲೂ ಕೈಯಿಂದಲೇ ಕಲಸುವುದು.